ಗ್ರೆಚ್ಚೊ ಗುಡ್ಡದ ಗೋದಲಿ

ಡಿಸೆಂಬರ್ ಬಂತು ಅಂದ್ರೆ ಮಾಲ್‌ಗಳಲ್ಲಿ ಪ್ಲಾಸ್ಟಿಕ್ ಮರ ಎದ್ದು ನಿಲ್ಲುತ್ತೆ, ಶಾಪಿಂಗ್ ಆ್ಯಪ್‌ಗಳಲ್ಲಿ ಆಫರ್‌ಗಳ ಸುರಿಮಳೆ ಶುರುವಾಗುತ್ತೆ. ಈ ಹಬ್ಬ ಯಾತಕ್ಕೆ ಅಂತ ಕೇಳಿದರೆ ಕೇಕು, ಸಾಂಟಾ, ರಜೆ ಅನ್ನೋ ಉತ್ತರವೇ ಮೊದಲು ಬರುತ್ತೆ. ಕ್ರಿಸ್ತನ ಹೆಸರಿನ ಹಬ್ಬದಲ್ಲಿ ಕ್ರಿಸ್ತನೇ ಮೂಲೆಗೆ ಸರಿದಿದ್ದಾನೆ ಅನ್ನೋ ಬೇಸರ ಅನೇಕ ಕ್ರೈಸ್ತರಿಗೆ ಇದೆ. ಹಾಗಾದರೆ ಏನು ಮಾಡಬೇಕು? ಹಬ್ಬದ ಗದ್ದಲವನ್ನೇ ಬೈಯಬೇಕೇ? 800 ವರ್ಷಗಳ ಹಿಂದೆ ಒಬ್ಬ ಬಟ್ಟೆ ವ್ಯಾಪಾರಿಯ ಮಗ ಬೇರೆಯೇ ದಾರಿ ತೋರಿಸಿದ್ದ. ಅವನೇ ಅಸ್ಸಿಸಿಯ ಫ್ರಾನ್ಸಿಸ್.

ಫ್ರಾನ್ಸಿಸ್ ಹುಟ್ಟಿದ್ದು 1181 ಅಥವಾ 1182ರಲ್ಲಿ, ಇಟಲಿಯ ಅಸ್ಸಿಸಿ ಪಟ್ಟಣದಲ್ಲಿ. ಅಪ್ಪ ಪಿಯೆತ್ರೊ ದಿ ಬೆರ್ನಾರ್ದೋನೆ ಅನುಕೂಲಸ್ಥ ಬಟ್ಟೆ ವ್ಯಾಪಾರಿ. ಇಟಲಿಯ ಪಟ್ಟಣಗಳಲ್ಲಿ ವ್ಯಾಪಾರ ಕುದುರಿ, ದುಡ್ಡಿಗೆ ಹೊಸ ಬೆಲೆ ಬಂದಿದ್ದ ಕಾಲ ಅದು. ಹುಡುಗ ಹಗಲು ಅಪ್ಪನ ಅಂಗಡಿಯಲ್ಲಿ ಬಟ್ಟೆ ಮಾರ್ತಿದ್ದ, ರಾತ್ರಿ ಗೆಳೆಯರ ಜೊತೆ ಹಾಡು, ಊಟ, ತಿರುಗಾಟ ಅಂತ ಕೈಬಿಚ್ಚಿ ಖರ್ಚು ಮಾಡ್ತಿದ್ದ. ಕುದುರೆ ಏರಿ ಯುದ್ಧ ಮಾಡಿ ದೊಡ್ಡ ಹೆಸರು ಗಳಿಸಬೇಕು ಅನ್ನೋ ಕನಸೂ ಇತ್ತು. 1202ರಲ್ಲಿ ಪಕ್ಕದ ಪೆರೂಜಾ ಪಟ್ಟಣದ ವಿರುದ್ಧ ಯುದ್ಧಕ್ಕೆ ಹೋದ. ಅಸ್ಸಿಸಿ ಸೋತಿತು. ಸುಮಾರು ಒಂದು ವರ್ಷ ಸೆರೆಯಲ್ಲಿ ಕಳೆದು ವಾಪಸ್ ಬಂದವನಿಗೆ ಕಾಯಿಲೆ ಹಿಡಿಯಿತು. ಎದ್ದು ಓಡಾಡುವಷ್ಟರಲ್ಲಿ ಹಳೆಯ ಮೋಜು ಯಾವುದೂ ರುಚಿಸದ ಹಾಗಾಗಿತ್ತು.

ಕುಷ್ಠರೋಗಿಗಳನ್ನ ಕಂಡರೆ ಮೂಗು ಮುಚ್ಚಿಕೊಂಡು ದೂರ ಹೋಗುತ್ತಿದ್ದವನು ಅವರ ಸೇವೆಗೆ ನಿಂತ. ಊರಾಚೆ ಪಾಳು ಬಿದ್ದಿದ್ದ ಸಾನ್ ದಾಮಿಯಾನೊ ಚರ್ಚನ್ನ ರಿಪೇರಿ ಮಾಡಿಸೋಕೆ ಅಂತ ಅಪ್ಪನ ಬಟ್ಟೆಯನ್ನೂ ಕುದುರೆಯನ್ನೂ ಮಾರಿಬಿಟ್ಟ. ಅಪ್ಪನಿಗೆ ಕೋಪ ಬರದೇ ಇರುತ್ತಾ? ಜಗಳ ಬಿಷಪ್ ಎದುರಿಗೆ ಹೋಯಿತು. ಮಗ ದುಡ್ಡನ್ನ ಹಿಂದಿರುಗಿಸಿದ್ದಷ್ಟೇ ಅಲ್ಲ, ಮೈಮೇಲಿದ್ದ ಬಟ್ಟೆಯನ್ನೂ ಬಿಚ್ಚಿ ಅಪ್ಪನ ಮುಂದಿಟ್ಟ. ಇನ್ನು ಮುಂದೆ ತನಗೆ ತಂದೆ ಅಂದರೆ ಸ್ವರ್ಗದಲ್ಲಿರುವ ತಂದೆಯೊಬ್ಬನೇ ಅಂದ. ಬಿಷಪ್ ತಮ್ಮ ಮೇಲಂಗಿಯನ್ನೇ ಅವನಿಗೆ ಹೊದಿಸಿದರು.

ಆಮೇಲಿನ ಫ್ರಾನ್ಸಿಸರಿಗೆ ಬಡತನವೇ ದಾರಿಯಾಯಿತು. 1209ರಲ್ಲಿ ಬೆರಳೆಣಿಕೆಯ ಸಂಗಾತಿಗಳ ಜೊತೆ ರೋಮ್‌ಗೆ ಹೋಗಿ ಪೋಪ್ ಮೂರನೇ ಇನ್ನೊಸೆಂಟರ ಒಪ್ಪಿಗೆ ಪಡೆದರು. ಸೋದರರು ದುಡ್ಡು ಮುಟ್ಟಬಾರದು, ದುಡಿದು ಉಣ್ಣಬೇಕು, ಸಿಗದಿದ್ದರೆ ಬೇಡಿ ಉಣ್ಣಬೇಕು. ಹತ್ತೇ ವರ್ಷದಲ್ಲಿ ಗುಂಪು ಸಾವಿರಾರು ಜನಕ್ಕೆ ಬೆಳೆಯಿತು. ಬೆಳೆದ ಮೇಲೆ ಕಟ್ಟಡ ಬೇಕು, ಪುಸ್ತಕ ಬೇಕು, ನಿಯಮ ಸ್ವಲ್ಪ ಸಡಿಲ ಆಗಬೇಕು ಅನ್ನೋ ಮಾತುಗಳು ಬಂದವು. 1220ರಲ್ಲಿ ಫ್ರಾನ್ಸಿಸರು ಮುಖ್ಯಸ್ಥನ ಜಾಗ ಬಿಟ್ಟುಕೊಟ್ಟರು. ಅದಕ್ಕೂ ಒಂದು ವರ್ಷ ಮುಂಚೆ, ಕ್ರುಸೇಡ್ ಯುದ್ಧದ ನಡುವೆಯೇ, ಈಜಿಪ್ಟಿನ ಸುಲ್ತಾನ ಅಲ್-ಕಾಮಿಲ್‌ನನ್ನ ಬರಿಗೈಯಲ್ಲಿ ಹೋಗಿ ಭೇಟಿಯಾಗಿ ಬಂದಿದ್ದರು. ಆ ಪ್ರಯಾಣದ ನಂತರ ಅವರ ಕಣ್ಣು ಕೆಡುತ್ತಾ ಹೋಯಿತು.

1223ರ ನವೆಂಬರ್ 29ರಂದು ಪೋಪ್ ಮೂರನೇ ಹೊನೋರಿಯಸ್ ಸಂಘದ ನಿಯಮಾವಳಿಗೆ ಮುದ್ರೆ ಒತ್ತಿದರು. ಕಾಗದದ ಕೆಲಸ ಮುಗಿಯಿತು. ಆದರೆ ಫ್ರಾನ್ಸಿಸರ ಮನಸ್ಸಲ್ಲಿ ಇದ್ದದ್ದು ಇನ್ನೊಂದು. ರಿಯೇತಿ ಕಣಿವೆಯ ಗ್ರೆಚ್ಚೊ ಅನ್ನೋ ಊರಿನಲ್ಲಿ ಅವರಿಗೆ ಬೇಕಾದ ಒಬ್ಬ ಶ್ರೀಮಂತ ಇದ್ದ, ಹೆಸರು ಜಿಯೊವಾನ್ನಿ. ಕ್ರಿಸ್ಮಸ್‌ಗೆ ಸುಮಾರು ಹದಿನೈದು ದಿನ ಮುಂಚೆ ಅವನನ್ನ ಕರೆದು ಒಂದು ಕೆಲಸ ಒಪ್ಪಿಸಿದರು. ಬೆತ್ಲೆಹೇಮಿನಲ್ಲಿ ಹುಟ್ಟಿದ ಆ ಮಗು ಎಷ್ಟು ಕಷ್ಟದಲ್ಲಿ, ಹುಲ್ಲಿನ ಮೇಲೆ ಮಲಗಿತ್ತು ಅನ್ನೋದನ್ನ ಕಣ್ಣಾರೆ ನೋಡಬೇಕು ಅನ್ನೋದು ಅವರ ಆಸೆ. ಬೇಕಾಗಿದ್ದ ಸಾಮಾನು ಇಷ್ಟೇ: ಒಂದು ಗೋದಲಿ, ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ.

ಗೋದಲಿ ಅಂದ್ರೆ ದನಕ್ಕೆ ಮೇವು ಹಾಕುವ ತೊಟ್ಟಿ. ಲೂಕನ ಶುಭಸಂದೇಶದಲ್ಲಿ ಮಗುವನ್ನ ಮಲಗಿಸಿದ್ದು ಅದರಲ್ಲೇ. ಎತ್ತು, ಕತ್ತೆ ಅಲ್ಲಿ ಇಲ್ಲ. ಅವು ಪ್ರವಾದಿ ಯೆಶಾಯನ ಗ್ರಂಥದಿಂದ ಕ್ರಿಸ್ಮಸ್ ಕತೆಯೊಳಗೆ ಬಂದವು. ಒಡೆಯನ ಗೋದಲಿ ಯಾವುದು ಅಂತ ಪ್ರಾಣಿಗಳಿಗೆ ಗೊತ್ತು, ಜನಕ್ಕೇ ಗೊತ್ತಿಲ್ಲ ಅನ್ನೋ ಪ್ರವಾದಿಯ ಕೊರಗು ಅದರ ಹಿಂದೆ ಇದೆ.

ಆ ರಾತ್ರಿ ಸುತ್ತಲಿನ ಹಳ್ಳಿಗಳ ಹೆಂಗಸರು, ಗಂಡಸರು ಪಂಜು, ಮೇಣದಬತ್ತಿ ಹಿಡಿದು ಗುಡ್ಡ ಹತ್ತಿ ಬಂದರು. ಕಾಡೆಲ್ಲ ಹಾಡಿನಿಂದ ತುಂಬಿತು. ಗೋದಲಿಯ ಮೇಲೆಯೇ ಗುರುಗಳೊಬ್ಬರು ಬಲಿಪೂಜೆ ಅರ್ಪಿಸಿದರು. ಫ್ರಾನ್ಸಿಸರು ಗುರುಪಟ್ಟ ಪಡೆದವರಲ್ಲ, ಬರೀ ಡೀಕನ್. ಹಾಗಾಗಿ ಶುಭಸಂದೇಶವನ್ನ ಹಾಡಿ, ಪ್ರಸಂಗ ಮಾಡಿದರು. ಬೆತ್ಲೆಹೇಮ್ ಅನ್ನೋ ಹೆಸರನ್ನ ಕುರಿಮರಿ ಬ್ಯಾ ಅಂದ ಹಾಗೆ ಎಳೆದು ಹೇಳ್ತಿದ್ದರಂತೆ. ಯೇಸುವಿನ ಹೆಸರು ಬಂದಾಗ ಸಿಹಿ ತಿಂದವರ ಹಾಗೆ ತುಟಿ ಸವರಿಕೊಳ್ಳುತ್ತಿದ್ದರಂತೆ. ಇದನ್ನೆಲ್ಲ ಬರೆದಿಟ್ಟವರು ಅವರ ಮೊದಲ ಜೀವನಚರಿತ್ರೆಕಾರ, ಚೆಲಾನೊದ ಥಾಮಸ್.

ಗಮನಿಸಬೇಕಾದ್ದು ಒಂದಿದೆ. ಆ ಬರಹದಲ್ಲಿ ಮರಿಯಳ ಬೊಂಬೆ ಇಲ್ಲ, ಜೋಸೆಫನ ವೇಷ ಹಾಕಿದವರಿಲ್ಲ. ಗೋದಲಿಯಲ್ಲಿ ಮಲಗಿದ್ದ ಮಗುವನ್ನ ಫ್ರಾನ್ಸಿಸರು ಎಬ್ಬಿಸಿದ ಹಾಗೆ ಅಲ್ಲಿದ್ದ ಒಬ್ಬನಿಗೆ ದರ್ಶನವಾಯಿತು ಅಂತ ಥಾಮಸ್ ಬರೀತಾರೆ. ಜನರ ಎದೆಯಲ್ಲಿ ಮರೆತುಹೋಗಿದ್ದ ಯೇಸು ಹೀಗೆ ಮತ್ತೆ ಎದ್ದ ಅನ್ನೋದು ಅವರು ಅದಕ್ಕೆ ಕೊಡುವ ಅರ್ಥ. ನೋಡಿ, ಊರಿಗೆ ಊರೇ ಚರ್ಚಿಗೆ ಹೋಗ್ತಿದ್ದ ಕಾಲದಲ್ಲೂ ಮರೆವು ಇತ್ತು!

ಹಾಗಂತ ಫ್ರಾನ್ಸಿಸರು ಹಬ್ಬದ ಊಟಕ್ಕೆ ವಿರೋಧಿ ಅಲ್ಲ. ಒಮ್ಮೆ ಕ್ರಿಸ್ಮಸ್ ಶುಕ್ರವಾರ ಬಂತು. ಶುಕ್ರವಾರ ಮಾಂಸ ತಿನ್ನಬಾರದಲ್ಲ ಅಂತ ಒಬ್ಬ ಸೋದರ ತಕರಾರು ತೆಗೆದ. ಮಗು ಹುಟ್ಟಿದ ದಿನವನ್ನ ಶುಕ್ರವಾರ ಅಂತ ಕರೆಯೋದೇ ತಪ್ಪು, ಗೋಡೆಗಳಿಗೂ ಮಾಂಸ ತಿನ್ನಿಸಬೇಕು, ಆಗದಿದ್ದರೆ ಬಳಿಯಾದರೂ ಬಳಿಯಬೇಕು ಅಂದರು ಇವರು. ಶ್ರೀಮಂತರು ಆ ದಿನ ಬಡವರ ಹೊಟ್ಟೆ ತುಂಬಿಸಬೇಕು, ಎತ್ತು ಕತ್ತೆಗಳಿಗೆ ಮಾಮೂಲಿಗಿಂತ ಹೆಚ್ಚು ಮೇವು ಹಾಕಬೇಕು, ಹಕ್ಕಿಗಳಿಗಾಗಿ ರಸ್ತೆಗಳಲ್ಲಿ ಕಾಳು ಚೆಲ್ಲುವಂತೆ ಚಕ್ರವರ್ತಿಯೇ ಆಜ್ಞೆ ಮಾಡಬೇಕು ಅನ್ನೋದು ಅವರ ಬಯಕೆ. ಹಬ್ಬ ಜೋರಾಗಿಯೇ ಇರಲಿ, ಆದರೆ ಮಧ್ಯದಲ್ಲಿ ಗೋದಲಿ ಇರಲಿ ಅಂತ.

1226ರ ಅಕ್ಟೋಬರ್ 3ರ ಸಂಜೆ ಫ್ರಾನ್ಸಿಸರು ತೀರಿಕೊಂಡರು. ಕಣ್ಣು ಹೆಚ್ಚು ಕಡಿಮೆ ಹೋಗಿತ್ತು, ವಯಸ್ಸು ಇನ್ನೂ 45 ದಾಟಿರಲಿಲ್ಲ. ಎರಡೇ ವರ್ಷದಲ್ಲಿ ಚರ್ಚ್ ಅವರನ್ನ ಸಂತ ಅಂತ ಘೋಷಿಸಿತು. ಅವರ ಹೆಸರನ್ನೇ ಇಟ್ಟುಕೊಂಡ ಪೋಪ್ ಫ್ರಾನ್ಸಿಸ್ 2019ರ ಡಿಸೆಂಬರ್ 1ರಂದು ಅದೇ ಗ್ರೆಚ್ಚೊಗೆ ಹೋಗಿ, ಮನೆಮನೆಯಲ್ಲೂ ಗೋದಲಿ ಕಟ್ಟುವ ಪದ್ಧತಿ ಉಳಿಯಲಿ ಅನ್ನೋ ಪತ್ರಕ್ಕೆ ಸಹಿ ಹಾಕಿದರು.

ನಮ್ಮ ಬೆಂಗಳೂರು, ಮಂಗಳೂರಿನ ಕ್ರೈಸ್ತ ಮನೆಗಳಲ್ಲೂ ಈ ಪದ್ಧತಿ ಇದೆ. ಕೆಲವರು ರಾಗಿ ಮೊಳಕೆ ಬರಿಸಿ ಗೋದಲಿಯ ಸುತ್ತ ಹಸಿರು ಮಾಡ್ತಾರೆ. ಈಗ ಗೋದಲಿಯೂ ಸೆಟ್ ಸಮೇತ ಅಂಗಡಿಯಲ್ಲಿ ಸಿಗುತ್ತೆ, ಸೀರಿಯಲ್ ಲೈಟಿನ ಜೊತೆ. ಅದೂ ಒಂದು ಅಲಂಕಾರವಾಗಿ ಉಳಿದುಬಿಡುವ ಅಪಾಯ ಇದ್ದೇ ಇದೆ. ಬಟ್ಟೆ ಅಂಗಡಿಯಲ್ಲಿ ಬೆಳೆದ ಫ್ರಾನ್ಸಿಸರಿಗೆ ಸಾಮಾನಿನ ಬೆಲೆ ಚೆನ್ನಾಗಿ ಗೊತ್ತಿತ್ತು. ಆದರೂ ದೇವರು ಬಂದದ್ದು ಏನೂ ಇಲ್ಲದವರ ಮಧ್ಯೆ ಅನ್ನೋದನ್ನ ತೋರಿಸೋಕೆ ಅವರು ಕೇಳಿದ್ದು ಕೊಟ್ಟಿಗೆಯಲ್ಲಿ ಸಿಗುವ ನಾಲ್ಕೇ ವಸ್ತು. ಈ ಡಿಸೆಂಬರಿನಲ್ಲಿ ಯಾವುದಾದರೂ ಚರ್ಚಿನ ಮುಂದೆ ಗೋದಲಿ ಕಂಡರೆ ಒಂದು ನಿಮಿಷ ನಿಂತು ಆ ಹುಲ್ಲನ್ನ ನೋಡಿ.