ಮರೆತುಬಿಡು ಎನ್ನದ ವೈದ್ಯ

ಕೊಯಮತ್ತೂರಿನಲ್ಲಿ ಕೆಲಸ ಮಾಡುವ ನಮ್ಮಂಥ ಕನ್ನಡಿಗರಿಗೆ ಊಟಿ ವಾರಾಂತ್ಯದ ಜಾಗ. ಅಲ್ಲಿನ ಬಡಗರ ಮಾತು ಕಿವಿಗೆ ಬಿದ್ದರೆ ಕನ್ನಡದ ಹತ್ತಿರದ ನೆಂಟರು ಸಿಕ್ಕಂತೆ ಅನ್ನಿಸುತ್ತದೆ. ಅದೇ ಬೆಟ್ಟಗಳಲ್ಲಿ 1901-02ರಲ್ಲಿ ಇಂಗ್ಲೆಂಡಿನ ವೈದ್ಯರೊಬ್ಬರು ತಿಂಗಳುಗಟ್ಟಲೆ ಓಡಾಡಿದ್ದರು. ತೋಡರ ಎಮ್ಮೆಗಳು, ಹಾಲಿನ ಗುಡಿಗಳು, ಯಾರು ಯಾರಿಗೆ ಏನಾಗಬೇಕು ಎಂಬ ವಂಶಾವಳಿ, ಎಲ್ಲವನ್ನೂ ಕೇಳಿ ಕೇಳಿ ಬರೆದುಕೊಂಡರು. 1906ರಲ್ಲಿ ಅದು ‘ದಿ ತೋಡಾಸ್’ ಎಂಬ ದೊಡ್ಡ ಪುಸ್ತಕವಾಯಿತು. ಅವರ ಹೆಸರು ಡಬ್ಲ್ಯು.ಎಚ್.ಆರ್. ರಿವರ್ಸ್. ಮುಂದೆ ಮೊದಲ ಮಹಾಯುದ್ಧದಲ್ಲಿ ಮನಸ್ಸು ಮುರಿದು ಬಂದವರ ಎದುರು ಕೂತಾಗಲೂ ಅವರಿಗೆ ಕೆಲಸಕ್ಕೆ ಬಂದದ್ದು ಈ ಕೇಳುವ ಅಭ್ಯಾಸವೇ.

ರಿವರ್ಸ್ ಹುಟ್ಟಿದ್ದು 1864ರಲ್ಲಿ, ಕೆಂಟ್ ಪ್ರಾಂತ್ಯದಲ್ಲಿ. ತಂದೆ ಪಾದ್ರಿ. ತೊದಲುವವರ ಮಾತು ತಿದ್ದುವುದೂ ಅವರ ಕಸುಬಾಗಿತ್ತು. ಆದರೆ ಮಗನ ತೊದಲು ಮಾತ್ರ ಪೂರ್ತಿ ಹೋಗಲೇ ಇಲ್ಲ. ಲಂಡನ್ನಿನಲ್ಲಿ ವೈದ್ಯಕೀಯ ಓದಿ, 1888ರಲ್ಲಿ ಎಂ.ಡಿ. ಪಡೆದು, ಕೇಂಬ್ರಿಜ್‌ನಲ್ಲಿ ಮನಶ್ಶಾಸ್ತ್ರದ ಮೇಷ್ಟರಾದರು. 1903ರಲ್ಲಿ ಗೆಳೆಯ ಹೆನ್ರಿ ಹೆಡ್ ಎಂಬ ನರವೈದ್ಯರು ತಮ್ಮದೇ ತೋಳಿನ ನರವೊಂದನ್ನು ಕತ್ತರಿಸಿಕೊಂಡರು. ಸ್ಪರ್ಶಜ್ಞಾನ ಹೇಗೆ ಮರಳುತ್ತದೆ ಎಂಬುದನ್ನು ರಿವರ್ಸ್ ನಾಲ್ಕು ವರ್ಷ ಅಳೆಯುತ್ತ ಹೋದರು. ಮೊದಲು ಒರಟಾದ ನೋವು, ಆಮೇಲೆ ನಿಧಾನವಾಗಿ ನವಿರಾದ ಸ್ಪರ್ಶ. ಗಾಯ ಮಾಯಲು ಅದರದೇ ಕ್ರಮವಿದೆ, ಅವಸರ ನಡೆಯುವುದಿಲ್ಲ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು.

ಅವರ ಸ್ವಂತ ನೆನಪಿನಲ್ಲೂ ಒಂದು ಖಾಲಿ ಜಾಗವಿತ್ತು. ಐದು ವರ್ಷದವರೆಗೆ ಬೆಳೆದ ಮನೆಯ ಕೆಳಮಹಡಿ ಅವರಿಗೆ ಚೆನ್ನಾಗಿ ನೆನಪಿತ್ತು; ಮೇಲ್ಮಹಡಿ ಮಾತ್ರ ಏನು ಮಾಡಿದರೂ ಕಣ್ಣ ಮುಂದೆ ಬರುತ್ತಿರಲಿಲ್ಲ. ಅಲ್ಲಿ ಏನೋ ನಡೆದಿರಬೇಕು ಎಂಬ ಗುಮಾನಿ ಅವರಿಗಿತ್ತು. 1920ರ ತಮ್ಮ ಪುಸ್ತಕದಲ್ಲಿ ಇದನ್ನು ಮುಚ್ಚುಮರೆ ಇಲ್ಲದೆ ಬರೆದರು. ಅದೇ ಪುಸ್ತಕದಲ್ಲಿ ಡಿಸೋಸಿಯೇಷನ್ ಬಗ್ಗೆ ಒಂದು ಅಧ್ಯಾಯವೂ ಇದೆ. ಸಹಿಸಲಾಗದ್ದು ನಡೆದಾಗ ಮನಸ್ಸು ತನ್ನದೇ ಒಂದು ತುಂಡನ್ನು ಕಡಿದು ಬೇರೆ ಇಡುವುದಕ್ಕೆ ಈ ಹೆಸರು. ಆಮೇಲೆ ಆ ಹೊತ್ತು ನೆನಪಿಗೇ ಬಾರದಿರಬಹುದು, ಮೈ ತನ್ನದಲ್ಲ ಅನ್ನಿಸಬಹುದು, ಇಲ್ಲವೇ ಕೂತ ಕಡೆಯೇ ಮನುಷ್ಯ ಎಲ್ಲೋ ಕಳೆದುಹೋಗಬಹುದು.

ಯುದ್ಧದಿಂದ ಮರಳಿದ ಸಾವಿರಾರು ಜನರ ಸ್ಥಿತಿ ಹೀಗೇ ಇತ್ತು. ಮೈಮೇಲೆ ಗಾಯವಿಲ್ಲ, ಮಾತು ನಿಂತಿದೆ, ಕಾಲು ಬಿದ್ದಿದೆ, ನಿದ್ದೆಯಲ್ಲಿ ಚೀರಾಟ. ಜನ ಇದನ್ನು ಶೆಲ್ ಶಾಕ್ ಎಂದರು. ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ಲೂಯಿಸ್ ಯೆಲ್ಯಾಂಡ್ ಎಂಬ ವೈದ್ಯರು ಮಾತು ನಿಂತವರ ಗಂಟಲಿಗೆ ವಿದ್ಯುತ್ ಹಾಯಿಸಿ ಮಾತಾಡಿಸುತ್ತಿದ್ದರು. ಉಳಿದವರ ಬಳಿ ಇದ್ದದ್ದು ನಮ್ಮ ಮನೆಗಳಲ್ಲೂ ಕೇಳಿಬರುವ ಸಲಹೆ: ಆದದ್ದು ಆಯಿತು, ಮರೆತುಬಿಡು, ಒಳ್ಳೆಯದನ್ನು ಯೋಚಿಸು. ನಮ್ಮ ಕಸುಬಿನ ಮಾತಲ್ಲಿ ಹೇಳುವುದಾದರೆ, ಎರರ್ ಸಂದೇಶ ಕಾಣದಂತೆ ಮಾಡಿ ಪ್ರೋಗ್ರಾಂ ಸರಿಯಾಯಿತು ಎಂದು ನಂಬಿದ ಹಾಗೆ.

1916ರಲ್ಲಿ ರಿವರ್ಸ್ ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಗೆ ಬಂದರು. ಅದು ಸೇನಾಧಿಕಾರಿಗಳಿಗೆಂದೇ ಇದ್ದ ಆಸ್ಪತ್ರೆ. ಅಲ್ಲಿದ್ದ ಒಬ್ಬ ಅಧಿಕಾರಿಯ ಕಥೆಯನ್ನು ಅವರು ದಾಖಲಿಸಿದ್ದಾರೆ. ಗೆಳೆಯನನ್ನು ಹುಡುಕಿಕೊಂಡು ಹೋದ ಈತನಿಗೆ ಸಿಕ್ಕಿದ್ದು ಛಿದ್ರಗೊಂಡ ದೇಹ. ಹಗಲೆಲ್ಲ ಅದನ್ನು ಮನಸ್ಸಿನಿಂದ ಅಟ್ಟುತ್ತಿದ್ದ. ರಾತ್ರಿ ಅದೇ ದೇಹ ಕನಸಿನಲ್ಲಿ ಬರುತ್ತಿತ್ತು. ರಿವರ್ಸ್ ಆ ನೆನಪಿನಲ್ಲಿ ಕೈಹಿಡಿಯಲು ಏನಾದರೂ ಇದೆಯೇ ಎಂದು ಹುಡುಕಿದರು. ದೇಹ ಆ ರೀತಿ ಚೂರಾಗಿದೆ ಎಂದರೆ ಸಾವು ಕ್ಷಣಾರ್ಧದಲ್ಲಿ ಬಂದಿರಬೇಕು, ಗೆಳೆಯ ನರಳಿರಲಾರ ಎಂಬುದನ್ನು ಅವನ ಗಮನಕ್ಕೆ ತಂದರು. ಕೆಲವು ರಾತ್ರಿ ಕನಸೇ ಬೀಳಲಿಲ್ಲ. ಆಮೇಲೆ ಬಿದ್ದ ಕನಸಿನಲ್ಲಿ ಅವನು ಗೆಳೆಯನ ಪಕ್ಕ ಮಂಡಿಯೂರಿದ, ಮನೆಯವರಿಗೆ ಕೊಡಲೆಂದು ಅವನ ವಸ್ತುಗಳನ್ನು ಎತ್ತಿಕೊಂಡ. ಎಚ್ಚರವಾದಾಗ ಭಯವಿರಲಿಲ್ಲ, ಅಳುತ್ತಿದ್ದ. 

ಎಲ್ಲ ನೆನಪಿನಲ್ಲೂ ಹೀಗೆ ಕೈಹಿಡಿಯಲು ಏನಾದರೂ ಸಿಗುತ್ತದೆ ಎಂದು ರಿವರ್ಸ್ ಹೇಳಿಕೊಳ್ಳಲಿಲ್ಲ. ಸ್ಫೋಟಕ್ಕೆ ಸಿಕ್ಕಿ, ಕೊಳೆತ ಹೆಣದ ಮೇಲೆ ಮುಖ ಅಪ್ಪಳಿಸಿ ಬಿದ್ದ ಇನ್ನೊಬ್ಬ ಅಧಿಕಾರಿಯ ನೆನಪಿನಲ್ಲಿ ಅಂಥದ್ದೇನೂ ಸಿಗಲಿಲ್ಲ. ಆತನನ್ನು ಅದನ್ನೇ ಎದುರಿಸು ಎಂದು ಬಲವಂತ ಮಾಡಲಿಲ್ಲ. ಸೇನೆ ಬಿಟ್ಟು, ಹಿಂದೆ ನೆಮ್ಮದಿ ಕೊಟ್ಟಿದ್ದ ಪರಿಸರಕ್ಕೆ ಹೋಗುವುದೇ ಸರಿ ಎಂದು ತೀರ್ಮಾನವಾಯಿತು. ದಿನವಿಡೀ ಅದನ್ನೇ ಮೆಲುಕು ಹಾಕುವುದೂ ಕೆಡುಕೇ ಎಂದು ರಿವರ್ಸ್ ಎಚ್ಚರಿಸಿದ್ದರು.

1917ರ ಜುಲೈನಲ್ಲಿ ಕವಿ ಸೀಗ್‌ಫ್ರೀಡ್ ಸಸೂನ್ ಅಲ್ಲಿಗೆ ಬಂದರು. ಯುದ್ಧ ಮುಂದುವರಿಸುವುದನ್ನು ಬಹಿರಂಗವಾಗಿ ವಿರೋಧಿಸಿದ್ದ ಅವರನ್ನು ಕೋರ್ಟ್ ಮಾರ್ಷಲ್ ಮಾಡುವ ಬದಲು ಆಸ್ಪತ್ರೆಗೆ ಕಳಿಸಿದ್ದರು. ಸಸೂನ್ ಮನೋರೋಗಿಯಲ್ಲ ಎಂಬುದು ರಿವರ್ಸ್ ಅವರಿಗೆ ಬೇಗ ತಿಳಿಯಿತು. ಆದರೂ ಸೇನೆಯ ವೈದ್ಯರಾಗಿ ಅವರ ಕರ್ತವ್ಯ, ವಾಸಿಯಾದವರನ್ನು ಮತ್ತೆ ರಣರಂಗಕ್ಕೆ ಕಳಿಸುವುದು. ತಿಂಗಳುಗಟ್ಟಲೆ ಮಾತಾದ ಮೇಲೆ ಸಸೂನ್ ತಾವಾಗಿಯೇ ಹೋಗಲು ಒಪ್ಪಿದರು. 1918ರಲ್ಲಿ ತಲೆಗೆ ಗುಂಡು ತಗುಲಿಯೂ ಬದುಕಿದರು. ಅದೇ ಆಸ್ಪತ್ರೆಯಲ್ಲಿ ಬೇರೆ ವೈದ್ಯರ ಆರೈಕೆಯಲ್ಲಿದ್ದ ಕವಿ ವಿಲ್ಫ್ರೆಡ್ ಓವೆನ್ ಯುದ್ಧ ಮುಗಿಯಲು ಒಂದು ವಾರವಿದ್ದಾಗ ಸತ್ತರು. ವಾಸಿ ಮಾಡುವುದು ಯಾತಕ್ಕಾಗಿ ಎಂಬ ಪ್ರಶ್ನೆ ರಿವರ್ಸ್ ಅವರ ಕೆಲಸದ ಬೆನ್ನಿಗೇ ಇತ್ತು. ಪ್ಯಾಟ್ ಬಾರ್ಕರ್ 1991ರಲ್ಲಿ ಬರೆದ ‘ರೀಜನರೇಷನ್’ ಕಾದಂಬರಿಯ ಜೀವಾಳವೂ ಅದೇ.

ಇಂದು ಟ್ರಾಮಾ ಚಿಕಿತ್ಸೆ ರಿವರ್ಸ್ ಕಾಲದಿಂದ ಬಹಳ ಮುಂದೆ ಬಂದಿದೆ. ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ವಿವರಿಸಿದ ಮೂರು ಹಂತಗಳನ್ನು ಅನೇಕ ಚಿಕಿತ್ಸಕರು ಪಾಲಿಸುತ್ತಾರೆ. ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ಶೋಕ, ಕೊನೆಗೆ ಬದುಕಿನ ಜೊತೆ ಮರುನಂಟು. ಎದುರು ಕೂತವರು ಮಾತಿನ ನಡುವೆ ಕಳೆದುಹೋದರೆ ಚಿಕಿತ್ಸಕರು ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಪಾದ ನೆಲಕ್ಕೆ ಊರಲು, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಲು, ಇಂದು ಯಾವ ವಾರ ಎಂದು ನೆನೆಯಲು ಹೇಳುತ್ತಾರೆ. ಅವರು ಈ ಹೊತ್ತಿಗೆ, ಈ ಕೋಣೆಗೆ ಮರಳಿದ ಮೇಲೆಯೇ ಮುಂದಿನ ಮಾತು. ಎಷ್ಟು ಹೇಳಬೇಕು, ಯಾವಾಗ ಹೇಳಬೇಕು ಎಂಬುದು ನೊಂದವರ ಕೈಯಲ್ಲೇ ಇರುತ್ತದೆ.

ಊರು ಬಿಟ್ಟ ನಮಗೆ ಇಲ್ಲೊಂದು ಹೆಚ್ಚಿನ ತೊಡಕಿದೆ. ಆಫೀಸಿನ ಇಂಗ್ಲಿಷಿನಲ್ಲೋ ಬೀದಿಯ ತಮಿಳು, ಹಿಂದಿಯಲ್ಲೋ ದಿನ ದೂಡಬಹುದು. ಎದೆಯೊಳಗಿನದನ್ನು ಹೇಳಲು ಆ ಭಾಷೆ ಸಾಲುವುದಿಲ್ಲ. ಊರಿಗೆ ಫೋನ್ ಮಾಡಿದರೆ ಅಮ್ಮ ಗಾಬರಿಯಾದಾಳು ಎಂದು ಎಲ್ಲ ಚೆನ್ನಾಗಿದೆ ಅನ್ನುತ್ತೇವೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 14416, ಕನ್ನಡದಲ್ಲೂ ಇದೆ, ಹಣ ಕೊಡಬೇಕಿಲ್ಲ. ಇದು ಪಕ್ಕದ ಮೇಜಿನವರಿಗೂ ಗೊತ್ತಿರಲಿ.

ಯುದ್ಧ ಮುಗಿದ ಮೇಲೆ ರಿವರ್ಸ್ ಕೇಂಬ್ರಿಜ್‌ಗೆ ಮರಳಿದರು. 1922ರಲ್ಲಿ ಲೇಬರ್ ಪಕ್ಷದಿಂದ ಸಂಸತ್ತಿಗೆ ಸ್ಪರ್ಧಿಸಲು ಒಪ್ಪಿದ್ದರು. ಆದರೆ ಜೂನ್ 4ರಂದು, ಹರ್ನಿಯಾ ಬಿಗಿದುಕೊಂಡು, 58ನೇ ವಯಸ್ಸಿನಲ್ಲಿ ತೀರಿಕೊಂಡರು. ಸಸೂನ್ ಅವರ ನೆನಪನ್ನು ಬಹುಕಾಲ ಹೊತ್ತು ನಡೆದರು. ತಮ್ಮ ಆತ್ಮಕಥನದಂಥ ಕೃತಿಯಲ್ಲಿ ಮಿಕ್ಕವರ ಹೆಸರು ಬದಲಿಸಿದರೂ ರಿವರ್ಸ್ ಹೆಸರನ್ನು ಇದ್ದಂತೆಯೇ ಉಳಿಸಿಕೊಂಡರು.

(ಲೇಖಕರು ಕೊಯಮತ್ತೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್)