ಅರಮನೆಯಿಂದ ಬೆಟ್ಟದ ಮಂಜಿಗೆ

ಶಿಡ್ಲಘಟ್ಟದ ಕಡೆಯ ಶಾಲೆಗಳಿಂದ ಬೆಂಗಳೂರಿಗೆ ಪ್ರವಾಸ ಹೊರಟರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ತಪ್ಪುವುದಿಲ್ಲ. ಸರ್ ಎಂ.ವಿ. ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯವರು ಎಂಬ ಹೆಮ್ಮೆ ಬೇರೆ. ಆದರೆ ಅದರ ಪಕ್ಕದಲ್ಲೇ ಇರುವ ವೆಂಕಟಪ್ಪ ಚಿತ್ರಶಾಲೆಯ ಬೋರ್ಡ್ ಓದಿ ಮುಂದೆ ಹೋಗುವವರೇ ಹೆಚ್ಚು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲೇ ಮೈಸೂರಿನಲ್ಲಿ ಕುಂಚ ಹಿಡಿದಿದ್ದ ಈ ಕೆ. ವೆಂಕಟಪ್ಪನವರ ಬದುಕೂ ನಮ್ಮ ಪೀಳಿಗೆಗೆ ಗೊತ್ತಿರಬೇಕಾದದ್ದು.

ವೆಂಕಟಪ್ಪನವರು ಹುಟ್ಟಿದ್ದು 1886ರಲ್ಲಿ, ಮೈಸೂರು ಅರಮನೆಗೆ ಚಿತ್ರ ಬರೆಯುತ್ತಿದ್ದ ಮನೆತನದಲ್ಲಿ. ಚಿತ್ರಕಲೆ ಅವರಿಗೆ ಮನೆಯಲ್ಲೇ ಸಿಕ್ಕ ವಿದ್ಯೆ. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾ ಶಾಲೆಗೆ ಹೋದರು. ಅಲ್ಲಿ ಅವರ ಗುರು ಅವನೀಂದ್ರನಾಥ ಟಾಗೋರ್, ಸಹಪಾಠಿ ನಂದಲಾಲ್ ಬೋಸ್. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಬರೆದ ಪುರಾಣ ಕಥೆಗಳ ಪುಸ್ತಕಕ್ಕೆ ರಾಮಾಯಣದ ಚಿತ್ರಗಳನ್ನು ಬರೆದುಕೊಟ್ಟವರಲ್ಲಿ ವೆಂಕಟಪ್ಪನವರೂ ಒಬ್ಬರು. ಕಾಗದವನ್ನು ಮತ್ತೆ ಮತ್ತೆ ನೀರಿನಲ್ಲಿ ನೆನೆಸಿ, ತೆಳುವಾದ ಬಣ್ಣವನ್ನು ಪದರ ಪದರವಾಗಿ ಕೂರಿಸುವ ವಾಶ್ ವಿಧಾನವನ್ನು ಅವರು ಕಲಿತದ್ದು ಅಲ್ಲಿಯೇ. ಮುಂದೆ ಬೆಟ್ಟದ ಮಂಜನ್ನು ಬರೆಯುವಾಗ ಈ ವಿದ್ಯೆಯೇ ಅವರ ಕೈಹಿಡಿಯಿತು.

ಸುಮಾರು ಏಳು ವರ್ಷಗಳ ನಂತರ ಮೈಸೂರಿಗೆ ಮರಳಿದ ಅವರು ಒಂದೇ ಮಾಧ್ಯಮಕ್ಕೆ ಅಂಟಿಕೊಳ್ಳಲಿಲ್ಲ. ಜಲವರ್ಣದ ಜೊತೆಗೆ ದಂತದ ಮೇಲೆ ಪುಟ್ಟ ಭಾವಚಿತ್ರಗಳನ್ನು ಬರೆದರು. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಏಕಲವ್ಯ, ಶಕುಂತಲೆಯಂಥ ಉಬ್ಬುಶಿಲ್ಪಗಳನ್ನು ಮಾಡಿದರು. ನೀರು ಬಿದ್ದ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವ ಪ್ಲಾಸ್ಟರ್, ಒಮ್ಮೆ ಹಚ್ಚಿದರೆ ಅಳಿಸಲು ಕಷ್ಟವಾದ ಜಲವರ್ಣ. ಎರಡೂ ಅವಸರದ ಕೈಗೆ ಒಗ್ಗುವಂಥವಲ್ಲ. ಇನ್ನು ದಂತ ಇಂದು ಯಾರೂ ಮುಟ್ಟುವಂತಿಲ್ಲ, ಅದರ ವ್ಯಾಪಾರಕ್ಕೇ ನಿಷೇಧವಿದೆ. ಆ ಕೃತಿಗಳನ್ನು ಆ ಕಾಲದವೆಂದೇ ನೋಡಬೇಕು.

ಇದರ ನಡುವೆ ಅವರಿಗೆ ವೀಣೆಯ ಗೀಳು ಹಿಡಿಯಿತು. ವೀಣೆ ಶೇಷಣ್ಣನವರ ಶಿಷ್ಯರಾಗಿ ಕುಂಚದಷ್ಟೇ ಶ್ರದ್ಧೆಯಿಂದ ತಂತಿ ಮೀಟಿದರು. ಚಿತ್ರವೋ ಸಂಗೀತವೋ ಎಂಬ ಒಳಗಿನ ಜಗ್ಗಾಟವನ್ನೇ ಒಂದು ಚಿತ್ರವಾಗಿಸಿದರು. ವೀಣೆಯ ಹುಚ್ಚು ಹಿಡಿದ ತಮ್ಮನ್ನೇ ಆ ಚಿತ್ರದ ವಸ್ತು ಮಾಡಿಕೊಂಡರು. ಅರಮನೆಯವರ ಮುಖಗಳನ್ನೂ ಪುರಾಣದ ಪಾತ್ರಗಳನ್ನೂ ಬರೆದ ಕೈ ತನ್ನ ಮನಸ್ಸನ್ನೇ ಬಿಡಿಸಿಟ್ಟದ್ದು ದೊಡ್ಡ ಧೈರ್ಯ.

ಹೆಚ್ಚು ಕಡಿಮೆ ಅದೇ ಕಾಲಕ್ಕೆ, 1920 ಮತ್ತು 30ರ ದಶಕಗಳಲ್ಲಿ, ಅವರು ಊಟಿ ಮತ್ತು ಕೊಡೈಕೆನಾಲ್‌ನ ನಿಸರ್ಗ ಚಿತ್ರಗಳನ್ನು ಬರೆದರು. ಇಲ್ಲಿ ರಾಜರಿಲ್ಲ, ದೇವರಿಲ್ಲ, ವೆಂಕಟಪ್ಪನವರೂ ಇಲ್ಲ. ಬೆಟ್ಟ, ಕೆರೆ, ಮರ, ಮೋಡ, ಬೆಳದಿಂಗಳು, ಮಂಜು ಇವಷ್ಟೇ. ಇವರು ಬೆಟ್ಟವನ್ನು ಕಥೆಯ ಹಿನ್ನೆಲೆಗೆ ಎಳೆದು ತರಲಿಲ್ಲ, ಬೆಟ್ಟವನ್ನೇ ಕಥೆ ಮಾಡಿದರು. ತನ್ನನ್ನು ಬರೆದುಕೊಂಡವರು ತನ್ನನ್ನು ಮರೆತು ನೋಡಲು ಕಲಿತದ್ದು ಇಲ್ಲಿ.

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಆಮೇಲೆ ಅರಮನೆಯೊಂದಿಗೆ ಮನಸ್ತಾಪವಾಗಿ ವಿಷಯ ಕೋರ್ಟಿನವರೆಗೂ ಹೋಯಿತು. ವೆಂಕಟಪ್ಪನವರು ಬೆಂಗಳೂರಿಗೆ ಬಂದರು. ಮದುವೆಯಾಗದೆ, ಶಿಸ್ತಿಗೆ ಕಟ್ಟುಬಿದ್ದು ಒಂಟಿಯಾಗಿ ಬದುಕಿದರು. 1965ರಲ್ಲಿ ನಿಧನರಾದರು. ಅವರ ಹೆಸರಿನ ಚಿತ್ರಶಾಲೆ ಬಾಗಿಲು ತೆರೆದದ್ದು 70ರ ದಶಕದಲ್ಲಿ.

ವೆಂಕಟಪ್ಪನವರನ್ನು ಪರಿಸರವಾದಿ ಎಂದು ಕರೆದರೆ ಅತಿಯಾದೀತು. ಪರಿಸರ ಎಂಬ ಮಾತಿಗೆ ಆಗ ಈಗಿನ ಅರ್ಥವೇ ಇರಲಿಲ್ಲ. ಆದರೂ ಆ ಚಿತ್ರಗಳಿಗೆ ಇಂದು ಇನ್ನೊಂದು ಬೆಲೆ ಬಂದಿದೆ. ಸರ್ವೆ ಕ್ಲಾಸಿನಲ್ಲಿ ಲೆವೆಲ್ ತೆಗೆಯುವ ಮೊದಲು ಬೆಂಚ್‌ಮಾರ್ಕ್ ಹುಡುಕುತ್ತೇವೆ. ಅದಿಲ್ಲದಿದ್ದರೆ ನೆಲ ಎಷ್ಟು ಏರಿದೆ, ಎಷ್ಟು ಇಳಿದಿದೆ ಎಂದು ಹೇಳಲಾಗದು. ಹುಲ್ಲುಗಾವಲಿನ ನೀಲಗಿರಿ ಬೆಟ್ಟಗಳಿಗೆ ಬ್ರಿಟಿಷರ ಕಾಲದಲ್ಲೇ ನೀಲಗಿರಿ ಮರ, ಟೀ ತೋಟಗಳು ನುಗ್ಗಿದ್ದವು. ಆಮೇಲೆ ಕಟ್ಟಡಗಳು, ವಾಹನಗಳು ಬಂದವು. ಈ ಬದಲಾವಣೆಯ ನಡುವಿನ ಒಂದು ಹೊತ್ತನ್ನು ವೆಂಕಟಪ್ಪನವರ ಕಾಗದಗಳು ಹಿಡಿದಿಟ್ಟಿವೆ. ಅವು ಬೆಂಚ್‌ಮಾರ್ಕ್‌ಗಳು.

ನಮ್ಮ ಕಡೆಗೆ ಅಂಥದ್ದು ಏನಿದೆ? ನಂದಿ ಬೆಟ್ಟದ ಸುತ್ತ ಪಿನಾಕಿನಿ, ಪಾಪಾಗ್ನಿ, ಚಿತ್ರಾವತಿ ಹುಟ್ಟುತ್ತವೆ ಎಂದು ಪುಸ್ತಕದಲ್ಲಿ ಓದುತ್ತೇವೆ. ಹೊರಗೆ ಬಂದರೆ ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳ ಮಾತು. ಕೆರೆ ಕೋಡಿ ಬೀಳುತ್ತಿದ್ದ ಕಾಲವನ್ನು ಅಜ್ಜಿ ತಾತಂದಿರು ಬಾಯಲ್ಲಿ ಹೇಳುತ್ತಾರೆ, ತೋರಿಸಲು ಚಿತ್ರವಿಲ್ಲ. ನೀರಿದ್ದ ಕೆರೆಯನ್ನು ಕಾಣದವರಿಗೆ ಜಾಲಿ ಬೆಳೆದ ಕೆರೆಯೇ ಸಹಜವಾಗಿ ಕಾಣುತ್ತದೆ. ಕಳೆದುಕೊಂಡದ್ದೇ ತಿಳಿಯದಿದ್ದರೆ ಮರಳಿ ಕೇಳುವುದಾದರೂ ಹೇಗೆ?

ಭಾನುವಾರ ಬೆಳಗ್ಗೆ ನಂದಿಗೆ ಬೈಕ್ ಓಡಿಸಿ, ಮೋಡದ ಮುಂದೆ ನಿಂತು ಸೆಲ್ಫಿ ತೆಗೆಯುವವರು ನಾವೆಲ್ಲ. ಆ ಫೋಟೊಗಳಲ್ಲಿ ನಾವೇ ದೊಡ್ಡದಾಗಿ, ಬೆಟ್ಟ ಸಣ್ಣದಾಗಿ ಕಾಣುತ್ತದೆ. ಒಮ್ಮೆಯಾದರೂ ಪಕ್ಕಕ್ಕೆ ಸರಿದು ಬೆಟ್ಟವನ್ನು, ಊರ ಕೆರೆಯನ್ನು ಅದು ಇರುವಂತೆಯೇ ಬಿಡಿಸಿಯೋ, ಫೋಟೊ ತೆಗೆದೋ, ತಾರೀಕು ಬರೆದು ಇಡೋಣ. ಮ್ಯೂಸಿಯಂನಲ್ಲಿ ಯಂತ್ರಗಳನ್ನು ನೋಡಲು ಹೋದಾಗ ಪಕ್ಕದ ಚಿತ್ರಶಾಲೆಯ ಕಡೆಗೂ ಹೆಜ್ಜೆ ಹಾಕೋಣ.