ಪಾಲ್ ಕರ್ಕ್
ಪಾಲ್ ಲೀಲ್ಯಾಂಡ್ ಕರ್ಕ್ (1902–1970) ಅಮೆರಿಕದ ಜೀವರಸಾಯನ ವಿಜ್ಞಾನಿ ಹಾಗೂ ಅಪರಾಧ ತಜ್ಞ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು.

ಪತ್ನಿಯ ಕೊಲೆ ಪ್ರಕರಣದಲ್ಲಿ 1954ರಲ್ಲಿ ಜೀವಾವಧಿ ಶಿಕ್ಷೆಗೊಳಗಾದ ಓಹಿಯೋದ ವೈದ್ಯ ಸ್ಯಾಮ್ ಶೆಪರ್ಡ್ ಪರವಾಗಿ, ಮರುವರ್ಷ ಅವರು ಮಲಗುವ ಕೋಣೆಯಲ್ಲಿನ ರಕ್ತದ ಕಲೆಗಳನ್ನು ಪರಿಶೀಲಿಸಿದರು. ಕಲೆಯ ಅಗಲ ಮತ್ತು ಉದ್ದಗಳ ಅನುಪಾತದಿಂದ ಹನಿ ಬಡಿದ ಕೋನವನ್ನು ಇಂದು ಛಾಯಾಚಿತ್ರದ ಮೂಲಕ ಗಣಕಯಂತ್ರವೇ ಲೆಕ್ಕಹಾಕುತ್ತದೆ. ಕರ್ಕ್‌ರಿಗೆ ಆ ಅನುಕೂಲವಿರಲಿಲ್ಲ. ಹನಿಗಳು ಸಿಡಿದ ರೀತಿಯನ್ನು ಗಮನಿಸಿ ಹಂತಕನು ಎಡಗೈ ಬಳಸಿದನೆಂದು ಅವರು ತೀರ್ಮಾನಿಸಿದರು. ಶೆಪರ್ಡ್ ಬಲಗೈ ಬಳಸುವವರು. ಆದರೂ ನ್ಯಾಯಾಲಯವು ಮರುವಿಚಾರಣೆಯನ್ನು ನಿರಾಕರಿಸಿತು.

1966ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪನ್ನು ರದ್ದುಗೊಳಿಸಿದ್ದು ವಿಚಾರಣೆಯ ಮೇಲಾದ ಪತ್ರಿಕಾ ಪ್ರಚಾರದ ಪರಿಣಾಮದಿಂದಲೇ ಹೊರತು ರಕ್ತದ ಸಾಕ್ಷ್ಯದಿಂದಲ್ಲ. ಅದೇ ವರ್ಷದ ಮರುವಿಚಾರಣೆಯಲ್ಲಿ ಕರ್ಕ್ ಸಾಕ್ಷ್ಯ ನುಡಿದರು. ಸುಮಾರು ಹತ್ತು ವರ್ಷ ಸೆರೆಯಲ್ಲಿ ಕಳೆದಿದ್ದ ಶೆಪರ್ಡ್ ನಿರ್ದೋಷಿಯೆಂದು ತೀರ್ಪು ಬಂದಿತು.